ಅತ್ತೆಯ ನಂಬರಿಗೆ ಬಂದ ನೀರು

ನಮ್ಮ ಅತ್ತೆ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದಳು ಎಂಬ ಸುದ್ದಿ ನನಗೆ ತಲುಪಿದ್ದು ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ. ಇಡ್ಲಿ ತಟ್ಟೆ ಆಗಷ್ಟೇ ಮುಂದೆ ಬಂದಿತ್ತು. ಫೋನ್ ಮಾಡಿದವರು ನಮ್ಮೂರಿನ ಡೈರಿಯ ಸೆಕ್ರೆಟರಿ.

"ನಿಮ್ಮತ್ತೆ ವಿಚಾರ ಕಣವ್ವ," ಅಂದರು. "ಇವತ್ತಿಗೆ ಮೂರ್ನೇ ಸಲ. ಕಂಪ್ಯೂಟರು ನೀರು ಅಂತ ತೋರುಸ್ತು. ಜನ ಎಲ್ಲ ನೋಡ್ತಾವ್ರೆ. ಹಾಲು ತಕ್ಕಳಕ್ಕಾಗಲ್ಲ ಅಂದ್ಬುಟ್ಟೆ. ಇನ್ನೇನು ಮಾಡ್ಲಿ ಯೋಳು."

"ಇನ್ನೊಂದು ಸಲ ಪರೀಕ್ಷೆ ಮಾಡಲಿಲ್ವಾ?"

"ಮಾಡಾಣ ಅನ್ನದ್ರೊಳಗೆ ಕ್ಯಾನ್ ಎತ್ಕಂಡು ಒಂಟೋದ್ರು. ತಿರುಗಿ ಕೂಡ ನೋಡ್ನಿಲ್ಲ."

ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನನ್ನ ತಂದೆಯ ತಂಗಿ ಆಕೆ. ಅಪ್ಪ ತೀರಿಹೋದ ವರ್ಷ ನಮ್ಮ ಮನೆಯ ಒಲೆ ಹೊತ್ತಿಸಿದವಳು, ನಾನು ಕಂಪ್ಯೂಟರ್ ಡಿಪ್ಲೊಮಾ ಓದಲೇಬೇಕು ಎಂದು ಊರಿನ ಹಿರಿಯರ ಎದುರು ನಿಂತು ವಾದಿಸಿದವಳು. ಸಂತೆಯಲ್ಲಿ ತೂಕ ಹೆಚ್ಚು ಬಂದರೂ ವಾಪಸು ಹೋಗಿ ಕೊಟ್ಟು ಬರುವ ಹೆಂಗಸು. ಅವಳ ಹಾಲಿನಲ್ಲಿ ನೀರು ಎಂಬ ಮಾತು ನನ್ನ ಕಿವಿಗೆ ಬೇರೆ ಯಾವುದೋ ಊರಿನ ಸುದ್ದಿಯಂತೆ ಕೇಳಿಸಿತು. ಹೋಟೆಲಿನವನು ಬಂದು ಸಾಂಬಾರು ಬೇಕಾ ಎಂದು ಕೇಳಿದ್ದಕ್ಕೆ ನಾನು ಏನು ಹೇಳಿದೆನೋ ಈಗ ನೆನಪಿಲ್ಲ.

ಇದರ ಜೊತೆಗೆ ಇನ್ನೊಂದು ಕಸಿವಿಸಿ ಇತ್ತು. ಆ ಕಂಪ್ಯೂಟರನ್ನು ನೋಡಿಕೊಳ್ಳುವವಳು ನಾನೇ. ಹುಣಸೂರಿನಲ್ಲಿರುವ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಖಾಸಗಿ ಕಂಪನಿಯ ಹಾಲಿನ ಕೇಂದ್ರಗಳಿವೆ. ಊರಿನವರು ಅವನ್ನೂ ಡೈರಿ ಎಂದೇ ಕರೆಯುತ್ತಾರೆ. ಪ್ರತಿ ಡೈರಿಯಲ್ಲೂ ಒಂದು ಕಪ್ಪು ಪೆಟ್ಟಿಗೆಯಂಥ ಕಂಪ್ಯೂಟರ್ ಇದೆ. ಅದು ನಿಂತರೆ ನಾನು ಸ್ಕೂಟರ್ ಹತ್ತಿ ಹೋಗಬೇಕು. ದೂರದ ಊರಾದರೆ ಬಸ್ಸು.

ನಮ್ಮೂರು ಕಂಪಲಾಪುರದಿಂದ ಒಳಗೆ ಹೋಗುವ ರಸ್ತೆಯಲ್ಲಿದೆ. ಅಮ್ಮ, ನಾನು ಒಂದು ಮನೆಯಲ್ಲಿ. ಅತ್ತೆಯನ್ನು ಊರೊಳಗೇ ಕೊಟ್ಟಿದ್ದರಿಂದ ಅವಳ ಮನೆ ನಮ್ಮ ಹಿತ್ತಲಿನ ಬೇಲಿಗೆ ಅಂಟಿಕೊಂಡೇ ಇದೆ. ಅಮ್ಮನಿಗೆ ಒಂದು ಸೀಮೆ ಹಸು, ಅತ್ತೆಗೆ ಒಂದು. ಬೆಳಗ್ಗೆ ಇಬ್ಬರೂ ಕರೆದು, ಕ್ಯಾನು ಹಿಡಿದು, ಜೊತೆಯಾಗಿ ಡೈರಿಗೆ ಹೋಗುತ್ತಿದ್ದರು. ಅಮ್ಮ ಮುಂದೆ, ಅತ್ತೆ ಹಿಂದೆ. ಅಣ್ಣನ ಹೆಂಡತಿ ಎಂಬ ಗೌರವಕ್ಕೆ ಅತ್ತೆ ಯಾವತ್ತೂ ಅಮ್ಮನನ್ನು ದಾಟಿ ಮುಂದೆ ನಿಂತವಳಲ್ಲ. ಡೈರಿಯ ತಕ್ಕಡಿ ಎಷ್ಟು ಲೀಟರ್ ಎಂಬುದನ್ನು ಬಾಯಿಬಿಟ್ಟು ಹೇಳುತ್ತದೆ. ಯಾರ ಹಸು ಹೆಚ್ಚು ಕೊಟ್ಟಿತು ಎಂದು ಇಬ್ಬರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಛೇಡಿಸಿಕೊಂಡು ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ನಗು ಕೇಳಿದರೆ ಗೆದ್ದವರು ಯಾರು ಎಂದು ನನಗೆ ಗೊತ್ತಾಗುತ್ತಿತ್ತು.

ಆ ಸಂಜೆ ನಾನು ಕೋಟೆಯಿಂದ ನೇರ ಅತ್ತೆಯ ಮನೆಗೆ ಹೋದೆ. ಅವಳು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಸುಮ್ಮನೆ ಕುಳಿತಿದ್ದಳು. ಬೆಳಗಿನ ಹಾಲು ಕ್ಯಾನಿನಲ್ಲಿ ಹಾಗೇ ಇತ್ತು, ಒಡೆದುಹೋಗಿ ವಾಸನೆ ಬರುತ್ತಿತ್ತು.

"ಅತ್ತೆ, ಇದನ್ನ ಚೆಲ್ಲಬಾರದಾ," ಅಂದೆ.

"ಎಲ್ಲಿಗೆ ಚೆಲ್ಲಲಿ," ಅಂದಳು. "ಮೋರಿಗೆ ಸುರುದ್ರೆ ನೀರಾಲು ಸುರೀತಾವ್ಳೆ ಅಂತಾರೆ. ಮಡಿಕಂಡ್ರೆ ನೀರಾಲು ಮಡಗವ್ಳೆ ಅಂತಾರೆ."

"ನೀನು ನೀರು ಹಾಕಿಲ್ಲ ಅಂತ ನಂಗೊತ್ತು."

ಅವಳು ನನ್ನ ಮುಖ ನೋಡಿದಳು. "ನಿಂಗೊತ್ತು. ಆದ್ರೆ ಮಿಷನ್ನು ಸುಳ್ಳು ಯೋಳಲ್ವಂತಲ್ಲ ಕೂಸೇ. ಸೆಕ್ರೆಟರಿ ಎಲ್ಲರ ಮುಂದೂ ಅಂಗೇ ಅಂದ. ಅದು ಸುಳ್ಳು ಯೋಳಲ್ಲ ಅಂದ್ರೆ ನಾನು ಯೋಳ್ತೀನಿ ಅಂತಾಯ್ತು." ಅಷ್ಟು ಹೇಳಿ ಹಸುವಿನ ಬೆನ್ನ ಮೇಲೆ ಕೈ ಇಟ್ಟಳು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ರೊಟ್ಟಿ ತಟ್ಟುತ್ತಿದ್ದವಳು ನಿಲ್ಲಿಸಲಿಲ್ಲ. ನಾಳೆಯಿಂದ ಆ ಕಂಪ್ಯೂಟರನ್ನು ಬಿಚ್ಚಿ ನೋಡುತ್ತೇನೆ ಎಂದಾಗ ಮಾತ್ರ, "ಅದೇನು ನೋಡೀಯ, ಬುಡು," ಅಂದಳು. "ಕೆದಕಿದಷ್ಟೂ ಜನ ಮಾತಾಡ್ತಾರೆ. ನಾಕು ದಿನಕ್ಕೆ ಎಲ್ಲ ಮರೀತಾರೆ." ನಾದಿನಿಯ ಮೇಲಿನ ಕನಿಕರಕ್ಕೆ ಹಾಗೆ ಹೇಳುತ್ತಾಳೆ ಅಂದುಕೊಂಡೆ.

ಜನ ಮರೆಯಲಿಲ್ಲ. ಅತ್ತೆ ಡೈರಿಗೆ ಹೋಗುವುದನ್ನು ನಿಲ್ಲಿಸಿ, ಹಾಲನ್ನು ಕಂಪಲಾಪುರದ ಒಂದು ಹೋಟೆಲಿಗೆ ಕಳಿಸತೊಡಗಿದಳು. ಡೈರಿಯಲ್ಲಿ ಆಮೇಲೆ ಯಾರ ಹಾಲಿಗೂ ನೀರು ಎಂಬ ಗುರುತು ಬೀಳಲಿಲ್ಲ. ಅದೇ ಒಂದು ಸಾಕ್ಷಿಯಾಗಿಬಿಟ್ಟಿತು. ಅವಳು ಬರುವುದು ನಿಂತಿತು, ನೀರೂ ನಿಂತಿತು ಎಂದು ನಲ್ಲಿಯ ಹತ್ತಿರ ಒಬ್ಬಳು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ನನ್ನನ್ನು ಕಂಡು ಆಕೆ ಬಿಂದಿಗೆಗೆ ನೀರು ತುಂಬುವ ಮೊದಲೇ ಹೊರಟುಹೋದಳು.

ಈಗ ಆ ಪೆಟ್ಟಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ನೋಡುವುದಕ್ಕೆ ಅದು ಒಂದೇ ಕಂಪ್ಯೂಟರ್. ಆದರೆ ಅದರೊಳಗೆ ಇನ್ನೂ ಎರಡು ಕಂಪ್ಯೂಟರುಗಳು ಓಡುತ್ತಿರುತ್ತವೆ. ಅವಕ್ಕೆ ಬೇರೆ ತಗಡು, ತಂತಿ ಏನೂ ಇಲ್ಲ. ಅಸಲಿ ಕಂಪ್ಯೂಟರು ತನ್ನ ಶಕ್ತಿಯಲ್ಲೇ ಒಂದಿಷ್ಟು ಪಾಲು ಕೊಟ್ಟು ಅವನ್ನು ಸಾಕುತ್ತದೆ. ಪಾಲು ಕೊಡುವುದು ಹೋಸ್ಟ್, ಅಂದರೆ ಮನೆಯ ಯಜಮಾನ. ಪಾಲು ಪಡೆಯುವುದು ಗೆಸ್ಟ್, ಅಂದರೆ ನೆಂಟ. ನಮ್ಮ ಪೆಟ್ಟಿಗೆಯಲ್ಲಿ ಒಂದು ಗೆಸ್ಟ್ ಹಾಲಿನ ಲೆಕ್ಕ ನೋಡುತ್ತದೆ, ಇನ್ನೊಂದು ಡೈರಿಯ ಕ್ಯಾಮೆರಾ ನೋಡುತ್ತದೆ. ಹಾಲನ್ನು ಹೀರಿ ಪರೀಕ್ಷಿಸುವ ಯಂತ್ರಕ್ಕೆ ತನ್ನದೇ ಪರದೆ ಇಲ್ಲ. ಅದು ತನ್ನ ಫಲಿತಾಂಶವನ್ನು ಹೋಸ್ಟ್‌ಗೆ ಕೊಡುತ್ತದೆ, ಹೋಸ್ಟ್ ಅದನ್ನು ಹಾಲಿನ ಗೆಸ್ಟ್‌ಗೆ ದಾಟಿಸುತ್ತದೆ. ಸೆಕ್ರೆಟರಿ ಕೀಲಿಮಣೆಯಲ್ಲಿ ಹಾಲು ತಂದವರ ನಂಬರ್ ಒತ್ತುತ್ತಾರೆ. ನಂಬರಿಗೆ ಫಲಿತಾಂಶ ಸೇರಿ ಚೀಟಿ ಬರುತ್ತದೆ.

ನಾನು ಮೊದಲು ಗೆಸ್ಟನ್ನು ನೋಡಿದೆ. ಎಲ್ಲ ಸರಿ ಇತ್ತು. ಫಲಿತಾಂಶ ಕೈಗೆ ಬಂದ ತಕ್ಷಣ ಆಗ ಪರದೆಯ ಮೇಲಿದ್ದ ನಂಬರಿಗೆ ಸೇರಿಸುತ್ತಿತ್ತು. ಆಮೇಲೆ ಹೋಸ್ಟನ್ನು ನೋಡಿದೆ. ಅದೂ ಸರಿ ಇತ್ತು. ಯಂತ್ರ ಕೊಟ್ಟದ್ದನ್ನು ಒಂದಂಕಿ ಬದಲಿಸದೆ ಗೆಸ್ಟ್ ಕಡೆಗೆ ದಾಟಿಸುತ್ತಿತ್ತು. ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದರೆ ಇಬ್ಬರೂ ಸತ್ಯವಂತರೇ. ಕಚೇರಿಯ ಹಿರಿಯರು, "ಯಂತ್ರ ಸರಿ ಇದೆ ಅಂತ ಬರೆದು ಮುಗಿಸಿಬಿಡಿ," ಅಂದರು. ನೀರಿನ ಆರೋಪ ಹೊತ್ತ ಹೆಂಗಸು ನನಗೆ ಏನಾಗಬೇಕು ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಉಳಿದದ್ದು ಒಂದೇ ದಾರಿ. ಹೋಸ್ಟ್ ಮತ್ತು ಗೆಸ್ಟ್ ಎರಡರ ಒಳಗೂ ಏನು ನಡೆಯುತ್ತದೆ ಎಂಬುದನ್ನು ಒಂದೇ ಹೊತ್ತಿನಲ್ಲಿ, ಒಂದೇ ಗಡಿಯಾರಕ್ಕೆ ಹೊಂದಿಸಿ, ಹೆಜ್ಜೆ ಹೆಜ್ಜೆಯಾಗಿ ದಾಖಲಿಸಿಕೊಳ್ಳುವುದು. ಅದಕ್ಕೆ ಟ್ರೇಸ್ ಅನ್ನುತ್ತೇವೆ. ಒಂದು ಸಾಲಿನ ಕಮಾಂಡ್ ಕೊಟ್ಟರೆ ಸಾಕು. ಆದರೆ ನಾನು ಒಂದು ಮಷೀನನ್ನು ಟ್ರೇಸ್ ಮಾಡಿದ್ದೆನೇ ಹೊರತು ಇಬ್ಬರನ್ನು ಸೇರಿಸಿ ಯಾವತ್ತೂ ಮಾಡಿರಲಿಲ್ಲ.

ಸಮಸ್ಯೆ ಅತ್ತೆಯದು. ಅವಳ ಹಾಲು ಬಂದಾಗ ಏನಾಗುತ್ತದೆ ಎಂದು ನೋಡಬೇಕಾದರೆ ಅವಳು ಹಿಂದಿನಂತೆಯೇ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಲ್ಲಬೇಕು. ನಾನು ಬೇಲಿಯ ಹತ್ತಿರ ನಿಂತು ಕೇಳಿದೆ.

"ಮತ್ತೆ ಅಲ್ಲಿಗೆ ಓಗಿ ನಿಂತ್ಕಳ್ಳಾದಾ," ಅಂದಳು. "ಎಲ್ಲ ಮುಖ ತಿರುಗುಸ್ತಾರೆ."

"ನಾನಿರ್ತೀನಿ ಅಲ್ಲಿ."

"ನೀನಿದ್ರೆ ಅವ್ರ ಮುಖ ಈ ಕಡಿಕೆ ಬತ್ತದಾ." ಆದರೂ ಮರುದಿನ ಬೆಳಗ್ಗೆ ಕ್ಯಾನು ತೊಳೆದುಕೊಂಡು ಬಂದಳು. ಅಮ್ಮ ಅವಳ ಮುಂದೆ ನಡೆಯುತ್ತಿದ್ದಳು. ಇಬ್ಬರ ನಡುವೆ ಮಾತಿರಲಿಲ್ಲ. ಬೆಟ್ಟದಪುರದ ಬೆಟ್ಟದ ಮೇಲೆ ಇನ್ನೂ ಮಂಜಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ವಾಸನೆ ಊರೆಲ್ಲ ತುಂಬಿತ್ತು.

ಡೈರಿಯಲ್ಲಿ ಅತ್ತೆ ಸಾಲಿಗೆ ಬಂದದ್ದೇ ಅವಳ ಹಿಂದಿದ್ದ ಹೆಂಗಸು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಅತ್ತೆ ನೆಲ ನೋಡಿಕೊಂಡು ನಿಂತಳು. ನಾನು ಒಳಗೆ ಪೆಟ್ಟಿಗೆಯ ಮುಂದೆ ಕೂತು ಕಮಾಂಡ್ ಒತ್ತಿದೆ. ಎಲ್ಲರ ಹಾಲೂ ಮುಗಿಯಿತು. ಅತ್ತೆಯ ಚೀಟಿಯಲ್ಲಿ ಆ ದಿನ ನೀರೇನೂ ಬರಲಿಲ್ಲ. ಸೆಕ್ರೆಟರಿ ಚೀಟಿಯನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿ ಕೊಟ್ಟರು. ಈಗ ಬುದ್ಧಿ ಬಂದಿದೆ ಎಂಬ ಅರ್ಥ ಆ ನೋಟದಲ್ಲಿತ್ತು. ಅತ್ತೆಗೂ ಅದು ಕಂಡಿತು.

ಎಲ್ಲರೂ ಹೋದ ಮೇಲೆ ನಾನು ದಾಖಲೆ ತೆರೆದೆ. ಹೋಸ್ಟ್ ಭಾಗ ತುಂಬಿತ್ತು. ಕ್ಯಾಮೆರಾ ಗೆಸ್ಟ್ ಭಾಗ ತುಂಬಿ ತುಳುಕುತ್ತಿತ್ತು. ಹಾಲಿನ ಗೆಸ್ಟ್ ಭಾಗ ಖಾಲಿ. ಒಂದು ಸಾಲೂ ಇರಲಿಲ್ಲ. ಅತ್ತೆಯನ್ನು ಅಷ್ಟು ಜನರ ಮುಂದೆ ನಿಲ್ಲಿಸಿ, ಅವಳಿಗೆ ಇನ್ನೊಂದು ಅವಮಾನ ಮಾಡಿಸಿ, ಕೈಗೆ ಸಿಕ್ಕಿದ್ದು ಸೊನ್ನೆ. ಎಲ್ಲೂ ತಪ್ಪು ಎಂಬ ಸಂದೇಶ ಕೂಡ ಬಂದಿರಲಿಲ್ಲ.

ಮಧ್ಯಾಹ್ನದ ತನಕ ಆ ಒಂದು ಸಾಲನ್ನೇ ನೋಡುತ್ತಾ ಕೂತೆ. ಕಮಾಂಡಿನ ಜೊತೆ, ಏನೇನು ದಾಖಲಿಸಬೇಕು ಎಂದು ಸಣ್ಣ ಸಣ್ಣ ಸೂಚನೆಗಳನ್ನು ಬರೆಯಬೇಕು. ಅವಕ್ಕೆ ಆಪ್ಷನ್ ಅನ್ನುತ್ತಾರೆ. ಒಂದು ಮಷೀನ್ ಇದ್ದಾಗ ಅವನ್ನು ಹಿಂದೆ ಮುಂದೆ ಎಲ್ಲಿ ಬರೆದರೂ ನಡೆಯುತ್ತಿತ್ತು. ಆ ಅಭ್ಯಾಸದಲ್ಲೇ ನಾನು ಹೋಸ್ಟ್‌ನದನ್ನು ಮೊದಲು ಬರೆದು, ಆಮೇಲೆ ಹಾಲಿನ ಗೆಸ್ಟ್ ಹೆಸರು, ಕ್ಯಾಮೆರಾ ಗೆಸ್ಟ್ ಹೆಸರು ಎರಡನ್ನೂ ಬರೆದು, ಕಡೆಯಲ್ಲಿ ಗೆಸ್ಟ್‌ಗಳ ಆಪ್ಷನ್‌ಗಳನ್ನೆಲ್ಲ ಒಟ್ಟಿಗೆ ಇಟ್ಟಿದ್ದೆ, ಇಬ್ಬರಿಗೂ ಅನ್ವಯಿಸುತ್ತದೆ ಎಂದುಕೊಂಡು. ಅದು ಹಾಗಲ್ಲ. ಯಾವ ಗೆಸ್ಟಿನ ಹೆಸರೂ ಬರುವುದಕ್ಕೆ ಮುಂಚೆ ಬರೆದದ್ದು ಹೋಸ್ಟ್‌ಗೆ ಸೇರುತ್ತದೆ. ಒಂದು ಗೆಸ್ಟಿನ ಹೆಸರು ಬರೆದ ಮೇಲೆ, ಇನ್ನೊಂದು ಗೆಸ್ಟಿನ ಹೆಸರು ಬರುವವರೆಗೆ ಬರೆದದ್ದೆಲ್ಲ ಆ ಮೊದಲ ಗೆಸ್ಟ್‌ಗೆ ಮಾತ್ರ. ನಾನು ಕಡೆಯಲ್ಲಿಟ್ಟದ್ದೆಲ್ಲ ಕಡೆಯ ಹೆಸರಿಗೆ, ಕ್ಯಾಮೆರಾಗೆ, ಹೋಗಿ ಬಿದ್ದಿತ್ತು. ಹಾಲಿನ ಗೆಸ್ಟ್‌ಗೆ ನಾನು ಏನನ್ನೂ ಕೇಳಿರಲೇ ಇಲ್ಲ.

ಇದು ಗೊತ್ತಾದಾಗ ಒಂದು ವಿಚಿತ್ರ ಭಯವಾಯಿತು. ಬರೆದವರ ಮನಸ್ಸಿನಲ್ಲಿ ಯಾರಿದ್ದರೂ, ಬರೆದದ್ದು ಹತ್ತಿರದ ಹೆಸರಿಗೆ ಹೋಗಿ ಅಂಟಿಕೊಳ್ಳುತ್ತದೆ, ಯಾರಿಗೂ ತಿಳಿಯದಂತೆ. ಡೈರಿಯಲ್ಲಿ ಸೆಕ್ರೆಟರಿ ನಂಬರ್ ಒತ್ತುವುದು, ಅದರ ಹಿಂದೆ ಫಲಿತಾಂಶ ಬರುವುದು, ಮತ್ತೆ ನಂಬರ್, ಮತ್ತೆ ಫಲಿತಾಂಶ. ಅಲ್ಲೂ ಹೀಗೇ ಏನಾದರೂ ಆಗಿದ್ದರೆ ಎಂಬ ಯೋಚನೆ ಮೊದಲ ಸಲ ಬಂದದ್ದು ಆಗ.

ಸಾಲನ್ನು ತಿದ್ದಿದೆ. ಮೊದಲು ಹೋಸ್ಟ್‌ನದು, ಗೆಸ್ಟ್ ಯಾವಾಗ ಓಡಿತು, ಯಾವಾಗ ನಿಂತಿತು ಎಂದು ತೋರಿಸುವ ಆಪ್ಷನ್. ಆಮೇಲೆ ಹಾಲಿನ ಗೆಸ್ಟಿನ ಹೆಸರು. ಅದರ ಬೆನ್ನಿಗೇ ಅದಕ್ಕೆ ಬೇಕಾದ್ದು. ಕ್ಯಾಮೆರಾವನ್ನು ಬಿಟ್ಟೇಬಿಟ್ಟೆ.

ಆಮೇಲೆ ಮತ್ತೆ ಬೇಲಿಯ ಹತ್ತಿರ ಹೋಗಿ ನಿಂತೆ. ನಾಳೆ ಇನ್ನೊಂದು ಸಲ ಬರಬೇಕು ಎಂದು ಹೇಳಬೇಕಿತ್ತು. ಅತ್ತೆಯೇ ಕೇಳಿದಳು.

"ಸಿಕ್ಕಲಿಲ್ವಾ?"

"ಇಲ್ಲ. ನಾನು ಕೇಳಿದ್ದು ಬೇರೆಯವರನ್ನ ಆಗೋಯ್ತು."

"ನಾಳೆ ಸರಿಯಾಗಿ ಕೇಳ್ತೀಯಾ?"

"ಕೇಳ್ತೀನಿ."

"ಅಂಗಾದ್ರೆ ಬತ್ತೀನಿ. ಇದೊಂದ್ಸಲ ಕಣವ್ವ. ಆಮೇಲೆ ಕರೀಬ್ಯಾಡ."

ಮರುದಿನ ಸಾಲು ಹಾಗೇ ಇತ್ತು. ಅಮ್ಮ, ಅವಳ ಹಿಂದೆ ಅತ್ತೆ, ಅವಳ ಹಿಂದೆ ಖಾಲಿ ಜಾಗ. ಅಮ್ಮನ ಹಾಲಿನ ಮಾದರಿಯನ್ನು ಯಂತ್ರ ಹೀರಿಕೊಂಡಿತು. ಪರದೆ ಕ್ಷಣಕಾಲ ಅಲುಗಲಿಲ್ಲ. ಸೆಕ್ರೆಟರಿ, "ಇದೊಂದು ಯಾವಾಗ್ಲೂ ಇಂಗೇ," ಎಂದು ಗೊಣಗಿ, ಅಮ್ಮನ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದು, ಅತ್ತೆಯ ನಂಬರ್ ಒತ್ತಿಬಿಟ್ಟರು. ಅಷ್ಟರಲ್ಲಿ ಪರದೆಗೆ ಜೀವ ಬಂತು. ಎರಡು ಚೀಟಿಗಳು ಒಂದರ ಹಿಂದೆ ಒಂದು ಬಂದವು. ಎರಡರಲ್ಲೂ ಒಳ್ಳೆಯ ಹಾಲೇ. ಯಾರೂ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ.

ಈ ಸಲ ದಾಖಲೆಯ ಎರಡೂ ಭಾಗಗಳು ತುಂಬಿದ್ದವು. ಒಂದರ ಪಕ್ಕ ಒಂದನ್ನಿಟ್ಟು ಓದುತ್ತಾ ಹೋದೆ. ಹೋಸ್ಟ್ ಕಡೆ: ಯಂತ್ರದಿಂದ ಅಮ್ಮನ ಹಾಲಿನ ಫಲಿತಾಂಶ ಬಂತು. ಆದರೆ ಕೊಡಲು ಗೆಸ್ಟ್ ಎಚ್ಚರವಾಗಿರಲಿಲ್ಲ. ಹೋಸ್ಟ್ ಆ ಗೆಸ್ಟನ್ನೇ ಅಲುಗಾಡದಂತೆ ನಿಲ್ಲಿಸಿ, ಅದರ ಒಂದು ಪ್ರತಿ ತೆಗೆದಿಡುತ್ತಿತ್ತು. ನಡುರಾತ್ರಿ ಆಗಬೇಕಾದ ಕೆಲಸ ಅದು. ಪೆಟ್ಟಿಗೆಯನ್ನು ಸಿದ್ಧಮಾಡಿದವರು ಅದರ ಗಡಿಯಾರವನ್ನು ಲಂಡನ್ನಿನ ಸಮಯದಲ್ಲೇ ಬಿಟ್ಟಿದ್ದರು. ಅಲ್ಲಿ ನಡುರಾತ್ರಿಯಾದಾಗ ನಮ್ಮಲ್ಲಿ ಹಾಲು ಕರೆದು ತರುವ ಹೊತ್ತು. ಗೆಸ್ಟ್ ನಿಂತಿದ್ದಾಗ ಸೆಕ್ರೆಟರಿ ಒತ್ತಿದ ಅತ್ತೆಯ ನಂಬರ್ ಒಂದು ಕಡೆ ಕಾದಿತ್ತು, ಅಮ್ಮನ ಹಾಲಿನ ಫಲಿತಾಂಶ ಇನ್ನೊಂದು ಕಡೆ ಕಾದಿತ್ತು. ಗೆಸ್ಟ್ ಕಡೆ: ಎಚ್ಚರವಾದದ್ದೇ ಮೊದಲು ನಂಬರನ್ನು ತೆಗೆದುಕೊಂಡಿತು. ಅಮ್ಮನ ಜಾಗದಲ್ಲಿ ಫಲಿತಾಂಶ ಇಲ್ಲವೆಂದು ಅವಳದೇ ಹಿಂದಿನ ದಿನದ ಸಂಜೆಯ ಫಲಿತಾಂಶ ತುಂಬಿ ಚೀಟಿ ಮುದ್ರಿಸಿತು. ಆಮೇಲೆ ಕಾದಿದ್ದ ಫಲಿತಾಂಶವನ್ನು ತೆಗೆದು, ಆಗ ಪರದೆಯ ಮೇಲಿದ್ದ ನಂಬರಿಗೆ, ಅತ್ತೆಯ ನಂಬರಿಗೆ, ಸೇರಿಸಿತು. ಅತ್ತೆಯ ಹಾಲಿನ ನಿಜವಾದ ಫಲಿತಾಂಶ ಬಂದಾಗ, ಈಗಾಗಲೇ ಒಂದು ಇದೆ ಎಂದು ಅದನ್ನು ಬಿಸಾಡಿತು.

ನಾನು ಎದ್ದು ನಿಂತುಬಿಟ್ಟೆ. ಅತ್ತೆ ನಿರಪರಾಧಿ. ಇದನ್ನು ಯಾರ ಮುಂದೆ ಬೇಕಾದರೂ ಸಾಲು ಸಾಲಾಗಿ ತೋರಿಸಬಹುದು. ಸೆಕ್ರೆಟರಿಯನ್ನು ಕರೆಯಲು ಬಾಗಿಲ ತನಕ ಹೋದೆ. ಅವರು ಹೊರಗೆ ದೊಡ್ಡ ಕ್ಯಾನುಗಳನ್ನು ಲಾರಿಗೆ ಏರಿಸುತ್ತಿದ್ದರು. ಬಾಯಿ ತೆರೆದವಳು ಹಾಗೇ ನಿಂತೆ.

ಅತ್ತೆಯ ಚೀಟಿಗೆ ಬಂದದ್ದು ಅವಳ ಮುಂದೆ ನಿಂತವರ ಫಲಿತಾಂಶ. ಆ ಮೂರು ಬೆಳಗೂ ಅವಳ ಮುಂದೆ ನಿಂತಿದ್ದವಳು ನನ್ನ ಅಮ್ಮ.

ನಾನು ಮತ್ತೆ ಒಳಗೆ ಬಂದು ಕೂತೆ. ಎಲ್ಲೋ ತಪ್ಪು ಓದಿದ್ದೇನೆ ಎಂದು ಮತ್ತೆ ಮೊದಲಿನಿಂದ ಓದಿದೆ. ತಪ್ಪಿರಲಿಲ್ಲ. ಸೆಕ್ರೆಟರಿ ಬಂದು, "ಏನಾರ ಸಿಕ್ತಾ?" ಎಂದು ಕೇಳಿದರು. "ಸಾಯಂಕಾಲ ಹೇಳ್ತೀನಿ," ಅಂದೆ. ಸ್ಕೂಟರಿನ ಕೀಲಿ ಕೈಯಲ್ಲೇ ಇತ್ತು, ಅದನ್ನೇ ಹುಡುಕುತ್ತಾ ನಿಂತಿದ್ದೆ.

ಅಮ್ಮ ಹಿತ್ತಲಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದಳು. ನಾನು ಸ್ಕೂಟರ್ ನಿಲ್ಲಿಸಿ ಅವಳ ಎದುರು ಹೋಗಿ ನಿಂತೆ. ಅವಳು ನನ್ನ ಮುಖ ನೋಡಿ ಬಕೆಟ್ಟಿನಿಂದ ಕೈ ತೆಗೆದಳು.

"ಗೊತ್ತಾಯ್ತಾ," ಅಂದಳು.

ನಾನು ನೀರು ಎಂಬ ಪದವನ್ನೇ ಇನ್ನೂ ಆಡಿರಲಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲೋ ತಪ್ಪಿರಬಹುದು, ಅಮ್ಮ ನಕ್ಕು ಬಯ್ಯುತ್ತಾಳೆ ಎಂದು ಆ ಗಳಿಗೆಯವರೆಗೂ ಒಂದು ಆಸೆ ಇತ್ತು.

"ಯಾಕಮ್ಮ?"

ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಳು. "ಹಸ ಗಬ್ಬ ಅಲ್ವಾ. ಹಾಲು ಬತ್ತಾ ಬಂತು. ದಿನಾ ತಕ್ಕಡಿ ಕಮ್ಮಿ ಕಮ್ಮಿ ಅಂತ ಕೂಗ್ತದೆ. ಅವ್ಳುದು ಕೂಗ್ದಾಗ ಎಲ್ರೂ ತಿರುಗಿ ನೋಡ್ತಾರೆ. ಅವ್ಳು ಒಂದಿನ, ಅತ್ಗೆ, ನಿನ್ನ ಹಸ ನಿದ್ದೆ ಮಾಡ್ತಾ ಐತೆ ಅಂದ್ಲು. ತಮಾಸೆಗೇ ಅಂದ್ಲು. ಯಾಕೋ ಆವತ್ತು ತಡಕಳಕ್ಕಾಗ್ನಿಲ್ಲ. ಮಾರ್ನೇ ದಿನ ಒಂದು ಚೊಂಬು ಉಯ್ದೆ."

"ಮೂರು ದಿನ."

"ಮೂರು ದಿನ. ಮೊದಲ್ನೇ ದಿನವೇ ಸಿಗಾಕ್ಕತೀನಿ ಅಂತ ಎದೆ ಒಡಕತಿತ್ತು. ನನ್ನ ಚೀಟಿ ಸರಿಗೇ ಬಂತು. ಅವ್ಳಿಗೆ ನೀರು ಅಂತ ಬಂತು. ಆ ಪೈಪಲ್ಲಿ ನನ್ನ ಹಾಲು ಉಳ್ಕಂಡು ಅವ್ಳ ಹಾಲಿಗೆ ಸೇರ್ತೇನೋ ಅನ್ಕಂಡೆ. ಸಂಜೆ ಹೊತ್ತು ಉಯ್ತಿರ್ಲಿಲ್ಲ, ಬೆಳಿಗ್ಗೆ ಮಾತ್ರ. ಅವ್ಳನ್ನ ಎಲ್ಲರ ಮುಂದೆ ವಾಪಸ್ ಕಳಿಸಿದ್ರಲ್ಲ, ಅವತ್ತಿಂದ ಒಂದು ಹನಿ ಹಾಕಿಲ್ಲ ಕಣವ್ವ."

ನೀರು ನಿಂತದ್ದಕ್ಕೆ ಕಾರಣ ಅದು. ಅತ್ತೆ ಸಿಕ್ಕಿಬಿದ್ದು ಸರಿಹೋದಳು ಎಂದು ಊರು ಮಾತಾಡಿಕೊಳ್ಳುವಾಗ, ಸರಿಹೋದವಳು ನನ್ನ ತಾಯಿ. ಅವಳು ಅಷ್ಟು ದಿನ ಆ ಮಾತನ್ನು ನಲ್ಲಿಯ ಹತ್ತಿರ ಕೇಳಿಸಿಕೊಂಡು, ಬಿಂದಿಗೆ ತುಂಬಿಕೊಂಡು ಬಂದಿದ್ದಳು. ಅದನ್ನು ಯೋಚಿಸಿದಾಗ ನನಗೆ ಅವಳ ಮುಖ ನೋಡಲಾಗಲಿಲ್ಲ. ಹಿಂದೆ ಯಾವತ್ತೂ ನನ್ನ ತಾಯಿಯ ಬಗ್ಗೆ ಹಾಗೆ ಅನ್ನಿಸಿರಲಿಲ್ಲ. ಇವಳು ಯಾರು ಎಂದು ಒಂದು ಗಳಿಗೆ ನಿಜವಾಗಿಯೂ ತಿಳಿಯಲಿಲ್ಲ.

"ಸೆಕ್ರೆಟರಿಗೆ ಹೇಳ್ಬೇಕು," ಅಂದೆ. "ಕಂಪ್ಯೂಟರ್ ಚೀಟಿ ಅದಲುಬದಲು ಮಾಡ್ತಿದೆ ಅಂತ."

"ಅಂಗಂದ್ರೆ ಅವಳ ಹೆಸರು ಸರಿಯಾಯ್ತದಾ?"

ಯೋಚಿಸಿದೆ. "ಅರ್ಧ ಆಗ್ತದೆ. ಯಂತ್ರದ್ದು ತಪ್ಪು ಅಂತ ಕೆಲವರು ಒಪ್ಕೋತಾರೆ. ಮನೆಯವಳನ್ನ ಉಳಿಸೋಕೆ ನಾನೇ ಕಥೆ ಕಟ್ಟಿದೆ ಅಂತ ಉಳಿದವರು ಹೇಳ್ತಾರೆ."

ಅಮ್ಮ ಎದ್ದು ಕೈ ತೊಳೆದುಕೊಂಡಳು.

ಸಂಜೆ ಡೈರಿಗೆ ನಾನು ಅವಳ ಜೊತೆ ಹೋದೆ. ಅತ್ತೆ ಬಂದಿರಲಿಲ್ಲ. ಸಾಲು ಉದ್ದವಿತ್ತು. ಅಮ್ಮ ಸಾಲಿನಲ್ಲಿ ನಿಲ್ಲಲಿಲ್ಲ. ಕ್ಯಾನನ್ನು ಕೆಳಗಿಟ್ಟು ನೇರವಾಗಿ ಸೆಕ್ರೆಟರಿಯ ಮೇಜಿನ ಹತ್ತಿರ ಹೋದಳು. ಅವಳು ಏನು ಮಾಡುತ್ತಾಳೆಂದು ನನಗೆ ಹೇಳಿರಲಿಲ್ಲ.

"ನೀರು ಬೆರಿಸಿದ್ದು ನಾನು," ಅಂದಳು. ಧ್ವನಿ ಜೋರಿರಲಿಲ್ಲ, ಆದರೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. "ಅವಳಲ್ಲ. ಮೂರು ದಿನವೂ ನಾನೇ. ನಂದು ಅವಳ ನಂಬರಿಗೆ ಓಯ್ತು. ಎಂಗೆ ಓಯ್ತು ಅಂತ ನನ್ನ ಮಗಳು ಯೋಳ್ತಾಳೆ."

ಸೆಕ್ರೆಟರಿಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಸಾಲಿನಲ್ಲಿದ್ದವರು ಅಮ್ಮನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಲ್ಲಿಯ ಹತ್ತಿರ ಮಾತಾಡಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹೋಸ್ಟ್, ಗೆಸ್ಟ್ ಎಂದೆಲ್ಲ ಹೇಳಲು ಹೋಗಲಿಲ್ಲ. ಬೆಳಗಿನ ಹೊತ್ತು ಕಂಪ್ಯೂಟರ್ ಕೆಲವು ಕ್ಷಣ ನಿಲ್ಲುತ್ತದೆ, ಆಗ ಮುಂದಿದ್ದವರ ಫಲಿತಾಂಶ ಹಿಂದಿದ್ದವರ ಚೀಟಿಗೆ ಸೇರುತ್ತದೆ ಎಂದಷ್ಟೇ ಹೇಳಿದೆ. ಅಷ್ಟು ಸಾಕಾಯಿತು.

ಸೆಕ್ರೆಟರಿ, "ಅಕ್ಕ, ನೀವು ಇದನ್ನ ಇಲ್ಲಿ ಯೋಳ್ಬೇಕಾಗಿತ್ತಾ. ನಂಗೊಬ್ನಿಗೆ ಯೋಳಿದ್ರೆ ಆಯ್ತಿತ್ತು," ಅಂದರು.

"ಅವಳನ್ನ ವಾಪಸ್ ಕಳಿಸಿದ್ದು ಎಲ್ರ ಮುಂದೆ ಅಲ್ವಾ," ಅಂದಳು ಅಮ್ಮ. ಹಾಲು ಹಾಕದೆ ಕ್ಯಾನು ಎತ್ತಿಕೊಂಡು ಹೊರಟಳು. ನಾನು ಹಿಂದೆ ಓಡಿದೆ. ದಾರಿಯಲ್ಲಿ ಕ್ಯಾನು ಹಿಡಿಯಲು ಹೋದರೆ ಕೈ ಕೊಡವಿದಳು.

ಸುದ್ದಿ ನಮಗಿಂತ ಮುಂಚೆ ಬೇಲಿ ದಾಟಿತ್ತು. ಅತ್ತೆ ನಮ್ಮ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರಲಿಲ್ಲ. ಅಮ್ಮನೂ ಕರೆಯಲಿಲ್ಲ.

"ಆ ಮಾತು ಅಷ್ಟು ನೋಯ್ತಾ ಅತ್ಗೆ," ಅಂದಳು ಅತ್ತೆ. "ಹಸ ನಿದ್ದೆ ಮಾಡ್ತಾ ಐತೆ ಅಂದದ್ದು."

ಅಮ್ಮ ತಲೆ ಅಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ನನಗೆ ತಿಳಿಯಲಿಲ್ಲ.

"ಅವತ್ತು ಅಲ್ಲೇ ಒಂದು ಬಯ್ದುಬುಡಬೇಕಾಗಿತ್ತು ನನ್ನ," ಅಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಸರಿಯಾಗೇ ಕೇಳ್ದೆ ಬುಡು ಈ ಸಲ." ಅದರಲ್ಲಿ ಮೆಚ್ಚುಗೆ ಇರಲಿಲ್ಲ. ಬೈಗುಳವೂ ಇರಲಿಲ್ಲ. ಅವಳು ಹೋದ ಮೇಲೂ ಅಮ್ಮ ಬಾಗಿಲನ್ನೇ ನೋಡುತ್ತಾ ನಿಂತಿದ್ದಳು.

ಪೆಟ್ಟಿಗೆಯ ಗಡಿಯಾರವನ್ನು ನಾನು ಮರುದಿನವೇ ಸರಿಮಾಡಿದೆ. ಕಚೇರಿಗೆ ವರದಿ ಬರೆದು, ಫಲಿತಾಂಶ ಬಾರದಿದ್ದರೆ ಚೀಟಿ ಕೊಡಲೇಬಾರದು ಎಂಬ ಬದಲಾವಣೆಯನ್ನೂ ಮಾಡಿಸಿದೆ. ನಾಲ್ಕೂ ತಾಲ್ಲೂಕಿನ ಎಲ್ಲ ಡೈರಿಗಳಿಗೂ ಹೋಗಿ ನೋಡಿದೆ. ಬಹಳ ಕಡೆ ಗಡಿಯಾರ ಹಾಗೇ ಇತ್ತು. ಕೆ.ಆರ್. ನಗರದ ಕಡೆಯ ಒಂದು ಊರಿನಲ್ಲಿ ಟ್ರೇಸ್ ಓದುತ್ತಿದ್ದಾಗ, ನೀರು ಹಾಕಿದ ಎಂದು ಡೈರಿ ಬಿಡಿಸಿದ್ದ ಒಬ್ಬ ಮುದುಕನ ವಿಷಯ ಯಾರೋ ಹೇಳಿದರು. ಅವನ ಮುಂದೆ ಯಾರು ನಿಲ್ಲುತ್ತಿದ್ದರು ಎಂದು ನಾನು ಕೇಳಲಿಲ್ಲ. ಅವನ ಮನೆಗೆ ಹೋಗಿ, ತಪ್ಪು ಕಂಪ್ಯೂಟರಿನದಾಗಿರಬಹುದು ಎಂದು ಹೇಳಿ ಬಂದೆ. ಅವನು ನನ್ನನ್ನು ನೋಡುತ್ತಲೇ ಇದ್ದ, ಕೂರು ಎಂದೂ ಹೇಳಲಿಲ್ಲ.

ಅತ್ತೆ ಮತ್ತೆ ಡೈರಿಗೆ ಹಾಲು ಹಾಕುತ್ತಾಳೆ. ಸಾಲಿನಲ್ಲಿ ಅವಳಿಗೆ ಜಾಗ ಬಿಟ್ಟುಕೊಡುವವರ ಅತಿ ವಿನಯ ಅವಳಿಗೆ ಹಿಡಿಸುವುದಿಲ್ಲ. 'ಮೊದಲು ಅಂಗೆ, ಈಗ ಇಂಗೆ' ಅನ್ನುತ್ತಾಳೆ. ಅಮ್ಮ ಆ ಹಸುವನ್ನು ಮಾರಿದಳು, ಬೇರೆ ಕಟ್ಟಲಿಲ್ಲ. ಈಗ ಬೆಳಗ್ಗೆ ಟೀಗೆ ಹಾಲು ಬೇಕೆಂದರೆ ಅತ್ತೆಯ ಮನೆಯಿಂದಲೇ ತರಬೇಕು. ಹಾಗೆ ತರಲು ಅಮ್ಮ ಮೊದಮೊದಲು ನನ್ನನ್ನು ಕಳಿಸುತ್ತಿದ್ದಳು. ಈಚೆಗೆ ತಾನೇ ಹೋಗುತ್ತಾಳೆ. ಬೇಲಿಯ ಆ ಕಡೆಯಿಂದ ಇಬ್ಬರ ಮಾತು ಕೇಳುತ್ತದೆ. ಹೆಚ್ಚಿನದೇನಲ್ಲ, ಬೂಸಾ, ಮಳೆ, ಯಾರದೋ ಮದುವೆ. ಒಮ್ಮೊಮ್ಮೆ ಮಾತು ನಿಂತುಹೋಗಿ ಬಹಳ ಹೊತ್ತು ಏನೂ ಕೇಳಿಸುವುದಿಲ್ಲ. ಆಗ ನಾನು ಮಾಡುತ್ತಿದ್ದ ಕೆಲಸ ಬಿಟ್ಟು, ಅವಳು ಚೊಂಬು ಹಿಡಿದು ಬರುವ ತನಕ ಕಿವಿಗೊಟ್ಟು ಕೂತಿರುತ್ತೇನೆ.